ಇದು ಖರೇ ಏನ್ ಮಾಮಾ?

ಅಕ್ಕನ ಮಗಳು ಏಳನೇ ಕ್ಲಾಸು. ರಾಜ್ಯೋತ್ಸವದ ನಾಟಕದಲ್ಲಿ ಅವಳಿಗೆ ಕಿತ್ತೂರು ಚೆನ್ನಮ್ಮನ ಪಾತ್ರ ಸಿಕ್ಕಿತ್ತು. ಲಕಮನಹಳ್ಳಿಯ ನಮ್ಮ ಸಣ್ಣ ಮನೆಯಲ್ಲಿ ವಾರವಿಡೀ ಅದೇ ಗದ್ದಲ. ನಾನು ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿ ಕೂತಿದ್ದರೆ ಬೆನ್ನ ಹಿಂದೆ ಕಪ್ಪ ಕೊಡೋದಿಲ್ಲ ಅನ್ನೋ ಗರ್ಜನೆ. ಆ ಡೈಲಾಗು ನಿಮಗೂ ಬಾಯಿಪಾಠ ಇದ್ದೇ ಇರುತ್ತದೆ. ಕರ್ನಾಟಕದಲ್ಲಿ ಫ್ಯಾನ್ಸಿ ಡ್ರೆಸ್ ಸ್ಪರ್ಧೆ ನೋಡಿದವರಿಗೆಲ್ಲ ಬರುತ್ತದೆ.

ನಾಲ್ಕನೇ ದಿನ ರಟ್ಟಿನ ಕತ್ತಿ ಕೆಳಗಿಟ್ಟು ಕೇಳಿದಳು: "ಇದು ಖರೇ ಏನ್ ಮಾಮಾ? ಆಕಿ ಹಿಂಗ ಅಂದಿದ್ಲೇನು?"

ಮೀಟಿಂಗ್ ನಡೀತಿತ್ತು. "ಹೂಂ, ಅಂದಿದ್ಲು" ಅಂದುಬಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ವರ್ಷದಿಂದ ಶನಿವಾರ, ಭಾನುವಾರ ಕೂತು ಮಕ್ಕಳಿಗಾಗಿ ಕಿತ್ತೂರಿನ ಕಥೆ ಬರೆಯಲು ಒದ್ದಾಡುತ್ತಿರುವವನು ನಾನು. ನನ್ನ ಮೊದಲ ಓದುಗಳೇ ಎದುರಿಗೆ ನಿಂತು ನೇರ ಪ್ರಶ್ನೆ ಕೇಳಿದಾಗ ಸುಳ್ಳು ಹೇಳಿದ್ದೆ.

ಆ ಸಾಲುಗಳು ನಮ್ಮ ಬಾಯಿಗೆ ಬಂದದ್ದು ಸಿನಿಮಾದಿಂದ. 1961ರ 'ಕಿತ್ತೂರು ಚೆನ್ನಮ್ಮ'. ಬಿ. ಸರೋಜಾದೇವಿ ನಾಯಕಿ, ಬಿ.ಆರ್. ಪಂತುಲು ನಿರ್ದೇಶಕ. ಇದೇ ಪಂತುಲು ಎರಡು ವರ್ಷ ಮೊದಲು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಅದರಲ್ಲೂ ಶಿವಾಜಿ ಗಣೇಶನ್ ಬ್ರಿಟಿಷ್ ಅಧಿಕಾರಿಯ ಮುಂದೆ ತೆರಿಗೆಯ ಬಗ್ಗೆ ಗುಡುಗುವ ದೃಶ್ಯವಿದೆ. ಕಟ್ಟಬೊಮ್ಮನ್‌ಗೂ ಕಂಪನಿಗೂ ಜಗಳ ಇದ್ದದ್ದು ನಿಜವಾಗಿಯೂ ತೆರಿಗೆಯದ್ದು. ಕಿತ್ತೂರಿನ ಜಗಳ ಬೇರೆ.

ಪೇಶ್ವೆಯವರ ರಾಜ್ಯ ಮುಳುಗಿದ ಮೇಲೆ, 1818ರಲ್ಲೇ, ಕಂಪನಿಗೆ ವರ್ಷಕ್ಕಿಷ್ಟು ಅಂತ ಹಣ ಕೊಡಲು ಕಿತ್ತೂರು ಒಪ್ಪಿಕೊಂಡಿತ್ತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ, ಕಾವಲು ಇಡಿಸಿದ. ಯುದ್ಧಕ್ಕೆ ಕಿಡಿ ಬಿದ್ದದ್ದು ಅಲ್ಲಿ. ಇದಕ್ಕೆ ಡಾಲ್‌ಹೌಸಿಯ ದತ್ತು ಕಾನೂನು ಕಾರಣ ಅಂತ ಬರೆಯುವವರೂ ಇದ್ದಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರು ಬಿದ್ದು 24 ವರ್ಷ ಆದಮೇಲೆ.

ಡೈಲಾಗಿನ ಅಬ್ಬರದಲ್ಲಿ ಕಳೆದುಹೋಗಿರೋದು ಏನು ನೋಡಿ. ಚೆನ್ನಮ್ಮ ಮಲ್ಲಸರ್ಜನ ಎರಡನೇ ಹೆಂಡತಿ. ತೀರಿಕೊಂಡ ಶಿವಲಿಂಗರುದ್ರಸರ್ಜ ಅವಳ ಸವತಿ ರುದ್ರಮ್ಮನ ಮಗ. ಅಂದರೆ ಗಂಡನಿಲ್ಲದ ಒಬ್ಬ ಹೆಂಗಸು, ತನ್ನ ಹೊಟ್ಟೆಯಲ್ಲಿ ಹುಟ್ಟದ ಮಗ ದತ್ತಕ ತಂದ ಹುಡುಗನ ಬೆನ್ನಿಗೆ ನಿಂತಳು. ಮೊದಲು ಪತ್ರ ಬರೆದಳು, ಮಾತುಕತೆಗೆ ನೋಡಿದಳು. ಅದು ಆಗದೆ ಹೋದಾಗ ಕೋಟೆಯ ಬಾಗಿಲು ಹಾಕಿಸಿದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಹೊಡೆದದ್ದು ಅಮಟೂರು ಬಾಳಪ್ಪ ಎಂದು ಜನ ಇವತ್ತಿಗೂ ನೆನೆಯುತ್ತಾರೆ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ನನ್ನ ಕಣ್ಣಿಗೆ ಈ ಚೆನ್ನಮ್ಮ ಸಿನಿಮಾದವಳಿಗಿಂತ ದೊಡ್ಡವಳು.

ಹಾಗಾದರೆ ಮಕ್ಕಳ ಕಥೆಯಲ್ಲಿ ಕಲ್ಪನೆಯೇ ಬೇಡವಾ? ಬೇಕು. ಎಲ್ಲಿ ಬೇಕು ಅನ್ನೋದು ನನಗೆ ಹೊಳೆದದ್ದು ಒಬ್ಬ ಕೈದಿಯಿಂದ.

ಅಕ್ಟೋಬರ್ 23ರಂದು ಕಿತ್ತೂರಿನವರು ಥ್ಯಾಕರೆಯ ಇಬ್ಬರು ಸಹಾಯಕರನ್ನು ಜೀವಂತ ಹಿಡಿದರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ 21 ವರ್ಷ. ಇವತ್ತಿನ ಲೆಕ್ಕದಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆಗಿ ಮೊದಲ ಕೆಲಸಕ್ಕೆ ಸೇರಿದ ಹುಡುಗ. ಕೆಲವು ವಾರ ಸೆರೆಯಲ್ಲಿದ್ದು ಜೀವಂತ ಹೊರಗೆ ಬಂದ. ಆಮೇಲೆ ಇದೇ ಸೀಮೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತ, ಸ್ಥಳೀಯರ ನೆರವಿನಿಂದ ಸುಮಾರು 595 ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ಶಾಸನಗಳಿಂದ ಜೋಡಿಸಲು ಹೊರಟ ಮೊದಮೊದಲಿನವರಲ್ಲಿ ಅವನೂ ಒಬ್ಬ. ಫ್ಲೀಟ್‌ನಂಥ ಮುಂದಿನ ವಿದ್ವಾಂಸರಿಗೆ ಆ ಸಂಗ್ರಹ ದಾರಿಯಾಯಿತು.

ಕನ್ನಡಿಗರ ಕೈಯಲ್ಲಿ ಸೆರೆಯಾಗಿದ್ದ ಹುಡುಗ ಕನ್ನಡದ ಕಲ್ಲುಗಳ ಬೆನ್ನು ಹತ್ತಿದ. ಆ ವಾರಗಳಲ್ಲಿ ಅವನಿಗೆ ರೊಟ್ಟಿ ತಂದುಕೊಟ್ಟವರು ಯಾರು? ಕಾವಲಿನವನ ಜೊತೆ ಯಾವ ಭಾಷೆಯಲ್ಲಿ ಮಾತಾಡಿದ? ಕೋಟೆಯೊಳಗಿನ ಮಕ್ಕಳು ಅವನನ್ನು ಕದ್ದು ನೋಡಿರಬಹುದಾ? ಕಥೆಗಾರ ನುಗ್ಗಬೇಕಾದ ಜಾಗ ಇದು. ಕಾಗದಪತ್ರ ಸುಮ್ಮನಿದ್ದ ಕಡೆ ಎಷ್ಟು ಬೇಕಾದರೂ ಕಟ್ಟಿ. ಕಾವಲುಗಾರನಿಗೊಬ್ಬ ಮಗಳನ್ನು ಕೊಡಿ, ಅವಳಿಗೊಂದು ನಾಯಿ ಕೊಡಿ. ಆದರೆ ಕಾಗದಪತ್ರ ಮಾತಾಡುತ್ತಿರುವ ಕಡೆ ಅದರ ಬಾಯಿ ಮುಚ್ಚಿಸಬೇಡಿ. ದತ್ತಕದ ಜಗಳವನ್ನು ಕಪ್ಪದ ಜಗಳ ಮಾಡಬೇಡಿ.

ನಮ್ಮ ಸೀಮೆಗೆ ಈ ಕಸುಬು ಹೊಸದಲ್ಲ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ (1869–1942), ಶಾಲಾ ಮಾಸ್ತರರಾಗಿದ್ದವರು. ಮುಂಬೈ ಪ್ರಾಂತ್ಯದ ಈ ಭಾಗದಲ್ಲಿ ಮರಾಠಿಯದ್ದೇ ಜೋರು ಇದ್ದ ಕಾಲದಲ್ಲಿ ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬರೆದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ವಿಜಯನಗರದ ಸ್ಥಾಪನೆಯ ಸುತ್ತ ಹೆಣೆದ ಅವರ 'ಮಾಧವ ಕರುಣಾ ವಿಲಾಸ' ಓದಿ ಎಷ್ಟೋ ಜನ ನಮಗೂ ಒಂದು ಇತಿಹಾಸ ಇದೆ ಅಂತ ಎದೆ ಉಬ್ಬಿಸಿದರು. ಆಗ ಅದು ಬೇಕಿತ್ತು. ಇವತ್ತಿನ ಮಕ್ಕಳಿಗೆ ಹೆಮ್ಮೆಯ ಕೊರತೆ ಇಲ್ಲ. ಫೋನ್ ತೆಗೆದರೆ ಹೆಮ್ಮೆ ಪುಕ್ಕಟೆ ಸಿಗುತ್ತದೆ. ಖರೇ ಯಾವುದು, ಕಥಿ ಯಾವುದು ಅಂತ ಗುರುತು ಹಿಡಿಯುವ ಕಣ್ಣು ಕಷ್ಟಪಟ್ಟು ಬರಬೇಕು.

ಮರುದಿನ ಭಾನುವಾರ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಿತ್ತೂರಿಗೆ ಹೋದೆ. ಧಾರವಾಡ ದಾಟಿದರೆ ಸುಮಾರು 30 ಕಿಲೋಮೀಟರು, ಅಷ್ಟೇ. ಕೋಟೆಯಲ್ಲಿ ಉಳಿದಿರುವುದು ಒಡೆದ ಅರಮನೆಯ ಗೋಡೆಗಳು. ಧ್ರುವ ನಕ್ಷತ್ರ ನೋಡಲು ಮಾಡಿದ್ದು ಅಂತ ಅಲ್ಲೊಂದು ಕಿಂಡಿ ತೋರಿಸುತ್ತಾರೆ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. ಹಗಲು ಹೊತ್ತು, ಬರೀ ಆಕಾಶ.

ಅಲ್ಲೇ ಗೋಡೆಯ ನೆರಳಲ್ಲಿ ಕೂತು ತಪ್ಪು ಒಪ್ಪಿಕೊಂಡೆ. ಸಿನಿಮಾ, ದತ್ತಕ, ಖಜಾನೆ, ಎಲಿಯಟ್, ಎಲ್ಲಾ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಂಗಾರ ಡೈಲಾಗ್ ಬಿಡ್ಲೇನು?"

"ಬ್ಯಾಡ, ಅನ್ನು. ನಾಟಕ ಅದು. ಆದರ ಅದು ನಾಟಕ ಅನ್ನೋದು ನಿನಗ ಗೊತ್ತಿರಲಿ."

"ಮತ್ತ ಆ ಹುಡುಗ? ಶಿವಲಿಂಗಪ್ಪ? ನಮ್ಮ ನಾಟಕದಾಗ ಅವನ ಇಲ್ಲಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವರ್ಷದ ನನ್ನ ಹಸ್ತಪ್ರತಿಯಲ್ಲೂ ಆ ಹುಡುಗನ ಹೆಸರು ಒಂದೇ ಸಲ ಬಂದಿತ್ತು.

ಅವಳು ಸೋಮವಾರವೇ ಟೀಚರ್‌ನ ಕೇಳಿ ಬಂದಳು. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಚೆನ್ನಮ್ಮ ಗುಡುಗುವಾಗ ಪಕ್ಕದಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗ ಪೇಟ ಸುತ್ತಿಕೊಂಡು ನಿಂತಿದ್ದ. ಅವನಿಗೆ ಒಂದೂ ಮಾತಿರಲಿಲ್ಲ. ಡೈಲಾಗ್ ಮುಗಿಯೋವರೆಗೂ ಅವಳ ಎಡಗೈ ಅವನ ಹೆಗಲ ಮೇಲಿತ್ತು. ಮನೆಗೆ ಬಂದು ನನ್ನ ಹಸ್ತಪ್ರತಿಯನ್ನು ಮೊದಲನೇ ಪುಟದಿಂದ ಮತ್ತೆ ಶುರುಮಾಡಿದೆ.