ಹಡಗಿನಲ್ಲಿ ಕಕ್ಷಿದಾರರು, ದಡದಲ್ಲಿ ವಕೀಲ

ಕೊಮಗಾಟ ಮಾರು ಹಡಗಿನ ಕಥೆ ಹೇಳುವವರು ಸಾಮಾನ್ಯವಾಗಿ 1914ರ ಮೇ 23ರಿಂದ, ಅದು ವ್ಯಾಂಕೂವರ್ ಬಂದರಿಗೆ ಬಂದ ದಿನದಿಂದ ಶುರು ಮಾಡುತ್ತಾರೆ. ಧಾರವಾಡದ ಕೋರ್ಟಿನಲ್ಲಿ ಸಿವಿಲ್ ದಾವೆ ನಡೆಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಅದು ಅರ್ಧ ಫೈಲು ಓದಿದ ಹಾಗೆ ಕಾಣುತ್ತದೆ. ಮೊದಲ ಕಾಗದ ಆರು ತಿಂಗಳು ಹಿಂದಿನದು. ಅಲ್ಲಿ ಗೆದ್ದವರು ನಮ್ಮವರು. ಗೆಲ್ಲಿಸಿದವನು ಜೆ. ಎಡ್ವರ್ಡ್ ಬರ್ಡ್ ಎಂಬ ವ್ಯಾಂಕೂವರಿನ ವಕೀಲ.

1913ರ ಅಕ್ಟೋಬರಿನಲ್ಲಿ ಪನಾಮಾ ಮಾರು ಎಂಬ ಇನ್ನೊಂದು ಹಡಗು ವಿಕ್ಟೋರಿಯಾಕ್ಕೆ ಬಂತು. ಅದರಲ್ಲಿದ್ದ ಪಂಜಾಬಿಗಳಲ್ಲಿ 39 ಜನರಿಗೆ ಗಡಿಪಾರಿನ ಆದೇಶವಾಯಿತು. ಆಗ ಕೆನಡಾದಲ್ಲಿ ಸರ್ಕಾರಿ ಆದೇಶದ ಮೂಲಕ ಬಂದ ಎರಡು ನಿಯಮಗಳಿದ್ದವು. ಹುಟ್ಟಿದ ದೇಶದಿಂದ ನಡುವೆ ಎಲ್ಲೂ ನಿಲ್ಲದೆ, ಒಂದೇ ಟಿಕೆಟ್ಟಿನಲ್ಲಿ ಬರಬೇಕು. ಏಷ್ಯಾದವರು ಕೈಯಲ್ಲಿ 200 ಡಾಲರ್ ತೋರಿಸಬೇಕು. ಭಾರತದಿಂದ ಕೆನಡಾಕ್ಕೆ ನೇರ ಹಡಗೇ ಇರಲಿಲ್ಲ. ‘ಭಾರತೀಯರು ಬರಬಾರದು’ ಎಂದು ಎಲ್ಲೂ ಬರೆಯದೆ ಬಾಗಿಲು ಮುಚ್ಚುವ ಜಾಣತನ ಇದು. ಬರ್ಡ್ ಈ ಆದೇಶಗಳ ಭಾಷೆ ಮೂಲ ಕಾಯ್ದೆಯ ಭಾಷೆಗೆ ಹೊಂದುವುದಿಲ್ಲ ಎಂದು ವಾದಿಸಿದ. ನವೆಂಬರಿನಲ್ಲಿ ಮುಖ್ಯ ನ್ಯಾಯಾಧೀಶ ಹಂಟರ್ ಒಪ್ಪಿ ಆದೇಶಗಳನ್ನು ಅಸಿಂಧುಗೊಳಿಸಿದರು.

ನಾನಾಗಿದ್ದರೂ ಇದೇ ತಾಂತ್ರಿಕ ತಕರಾರು ಎತ್ತುತ್ತಿದ್ದೆ. ಕೈಗೆ ಸಿಕ್ಕ ಹಿಡಿಯನ್ನು ಯಾವ ವಕೀಲನೂ ಬಿಡುವುದಿಲ್ಲ. ಆದರೆ ಇಂಥ ಗೆಲುವಿಗೆ ಆಯುಷ್ಯ ಕಡಿಮೆ, ಅದರಲ್ಲೂ ಎದುರು ಪಾರ್ಟಿ ನಿಯಮ ಬರೆಯುವ ಸರ್ಕಾರವೇ ಆಗಿದ್ದಾಗ. ಡಿಸೆಂಬರಿನಲ್ಲಿ ಕೆನಡಾ ಸರ್ಕಾರ ಬ್ರಿಟಿಷ್ ಕೊಲಂಬಿಯಾದ ಬಂದರುಗಳಲ್ಲಿ ಕೂಲಿಕಾರರು ಇಳಿಯುವುದನ್ನೇ ನಿಷೇಧಿಸಿತು. ಜನವರಿಯಲ್ಲಿ ಹಳೆಯ ಎರಡೂ ಆದೇಶಗಳನ್ನು ಕಾಯ್ದೆಗೆ ಹೊಂದಿಸಿ ಹೊಸದಾಗಿ ಹೊರಡಿಸಿತು. ಅಷ್ಟರಲ್ಲಿ ಗೆಲುವಿನ ಸುದ್ದಿ ಹಾಂಗ್‌ಕಾಂಗ್ ತಲುಪಿ, ಅಲ್ಲಿ ಹಡಗಿಗಾಗಿ ಕಾಯುತ್ತಿದ್ದ ಸಿಖ್ಖರಲ್ಲಿ ಆಸೆ ಹುಟ್ಟಿಸಿತ್ತು. ವ್ಯಾಪಾರಿ ಗುರ್ದಿತ್ ಸಿಂಗ್ ಕೊಮಗಾಟ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದು ಏಪ್ರಿಲ್ 4ರಂದು ಹೊರಟ. ದಾರಿಯಲ್ಲಿ ಶಾಂಘೈ, ಮೋಜಿ, ಯೊಕೊಹಾಮಾಗಳಲ್ಲಿ ಹತ್ತಿದವರೂ ಸೇರಿ 376 ಮಂದಿ. ಎಲ್ಲರೂ ಬ್ರಿಟಿಷ್ ಪ್ರಜೆಗಳೇ.

ವ್ಯಾಂಕೂವರಿನಲ್ಲಿ ಅವರನ್ನು ಇಳಿಯಲು ಬಿಡಲಿಲ್ಲ. ದಡದಲ್ಲಿದ್ದ ಭಾರತೀಯರು ಒಂದು ಸಮಿತಿ ಕಟ್ಟಿದರು. ಅದರ ಮುಂದಾಳು ಹುಸೇನ್ ರಹೀಮ್ ಹಿಂದೆ ತಾನೇ ಗಡಿಪಾರಿನ ಕೇಸು ಗೆದ್ದವನು. ಕೋರ್ಟಿನ ಮೇಲೆ ಅವನಿಗೆ ನಂಬಿಕೆ ಇದ್ದದ್ದು ಸಹಜ. ಮತ್ತೆ ಬರ್ಡ್‌ನನ್ನೇ ಹಿಡಿದರು. ಮರದ ಮಿಲ್ಲುಗಳಲ್ಲಿ ದುಡಿಯುವವರು ಚಂದಾ ಎತ್ತಿದ್ದು ವಕೀಲನ ಫೀಸಿಗೆ ಮಾತ್ರವಲ್ಲ, ಹಡಗಿನ ಬಾಡಿಗೆಯ ಬಾಕಿಗೂ ಹೌದು. ಬಾಕಿ ಕಟ್ಟದಿದ್ದರೆ ಹಡಗು ತಿರುಗಿ ಹೋಗುತ್ತದೆ. ಹಡಗು ಹೋದರೆ ಕೇಸೆಲ್ಲಿ?

ಇನ್ನು ಇಮಿಗ್ರೇಷನ್ ಅಧಿಕಾರಿ ಮಾಲ್ಕಮ್ ರೀಡ್ ಹೂಡಿದ ಆಟ ನೋಡಿ. ಅವನು ಯಾರನ್ನೂ ತಿರಸ್ಕರಿಸಲು ಅವಸರ ಮಾಡಲಿಲ್ಲ. ವೈದ್ಯಕೀಯ ತಪಾಸಣೆಯನ್ನು ಎಳೆದ, ವಿಚಾರಣೆಯನ್ನು ಮುಂದೂಡಿದ. ತಿರಸ್ಕಾರದ ಆದೇಶವೇ ಇಲ್ಲದ ಮೇಲೆ ಯಾವುದರ ವಿರುದ್ಧ ಅರ್ಜಿ ಹಾಕುವುದು? ಬರ್ಡ್‌ಗೆ ಹಡಗು ಹತ್ತಿ ತನ್ನ ಕಕ್ಷಿದಾರರನ್ನು ಕಾಣಲೂ ಬಿಡಲಿಲ್ಲ. ಹಡಗಿನಲ್ಲಿ ನೀರು, ಆಹಾರ ಮುಗಿಯುತ್ತ ಬಂತು. ತಾರೀಖಿನ ಮೇಲೆ ತಾರೀಖು ಬಿದ್ದು ಸೋತುಹೋದ ಬಡವರನ್ನು ನಾನು ಧಾರವಾಡದಲ್ಲೂ ಕಂಡಿದ್ದೇನೆ. ಆದರೆ ಅವರು ಸಂಜೆಗೆ ಮನೆಗೆ ಹೋಗಿ ರೊಟ್ಟಿ ತಿನ್ನುತ್ತಿದ್ದರು.

ಕೊನೆಗೆ ಸಮಿತಿ ಮೊದಲು ಬೇಡವೆಂದಿದ್ದನ್ನು ಒಪ್ಪಿತು: ಒಬ್ಬನನ್ನು ಮುಂದೆ ಬಿಟ್ಟು, ಅವನ ಕೇಸನ್ನು ನೇರವಾಗಿ ಪ್ರಾಂತದ ಮೇಲ್ಮನವಿ ನ್ಯಾಯಾಲಯಕ್ಕೆ ಒಯ್ಯುವುದು. ಪ್ರತಿಯೊಬ್ಬನ ಹೆಸರಲ್ಲೂ ಬೇರೆ ಬೇರೆ ಅರ್ಜಿ ಬಿದ್ದು ಕೋರ್ಟು ತುಂಬೀತೆಂಬ ಭಯ ಸರ್ಕಾರಕ್ಕಿತ್ತು. ಹಾಗಾಗಿ ಆ ಟೆಸ್ಟ್ ಕೇಸ್ ಅದಕ್ಕೆ ಬೇಕಾಗಿತ್ತು. ಹೀಗೆ ಮುಂದೆ ಬಂದವನು ಹೋಶಿಯಾರ್‌ಪುರದ ಮುನ್ಷಿ ಸಿಂಗ್. ತಾನು ರೈತ, ಜಮೀನು ಕೊಳ್ಳಲು ಬಂದವನು ಎಂದ. ಇಮಿಗ್ರೇಷನ್ ವಿಚಾರಣಾ ಮಂಡಳಿ ಅವನನ್ನು ಕೂಲಿ ಎಂದಿತು. ಅವನ ಕೈಯಲ್ಲಿ 200 ಡಾಲರ್ ಇರಲಿಲ್ಲ. ಜುಲೈ 6ರಂದು ಐವರು ನ್ಯಾಯಾಧೀಶರೂ ಒಮ್ಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟರು. ಇಮಿಗ್ರೇಷನ್ ಕಾಯ್ದೆಯ 23ನೇ ಕಲಂ ಅಧಿಕಾರಿಗಳ ತೀರ್ಮಾನವನ್ನು ಕೋರ್ಟು ಮುಟ್ಟಬಾರದೆನ್ನುತ್ತಿತ್ತು. ಈ ಸಲ ಆ ಕಲಮೇ ಗೆದ್ದಿತು.

ಮುಂದಿನದು ಎಲ್ಲರಿಗೂ ಗೊತ್ತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದವರೂ ಸೇರಿ 24 ಮಂದಿಗಷ್ಟೇ ಇಳಿಯಲು ಅನುಮತಿ ಸಿಕ್ಕಿತು. ಜುಲೈ 23ರಂದು ರೇನ್‌ಬೋ ಎಂಬ ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ಹೊರಗಟ್ಟಿದರು. ಸೆಪ್ಟೆಂಬರ್ 29ರಂದು ಕಲ್ಕತ್ತೆ ಹತ್ತಿರದ ಬಜ್‌ಬಜ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ಸುಮಾರು 20 ಪ್ರಯಾಣಿಕರು ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಒಬ್ಬನ ಮೇಲೆ ಎಲ್ಲರ ಹಣೆಬರಹ ಕಟ್ಟಿದ್ದು ಬರ್ಡ್ ಮಾಡಿದ ಎಡವಟ್ಟು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಸಿದ ಕಕ್ಷಿದಾರರನ್ನು ಹಡಗಿನಲ್ಲಿಟ್ಟುಕೊಂಡು ಮುನ್ನೂರು ಅರ್ಜಿ ನಡೆಸುವುದು ಕಾಗದದ ಮೇಲಷ್ಟೇ ಸಾಧ್ಯ. ಅವನ ಜಾಗದಲ್ಲಿ ನಾನೂ ಸಹಿ ಹಾಕುತ್ತಿದ್ದೆ. ಮಿಲ್ಲು ಕೂಲಿಗಳ ಚಂದಾ ವ್ಯರ್ಥವಾಯಿತೆಂದೂ ಹೇಳಲಾರೆ. ವಕೀಲನಿಲ್ಲದಿದ್ದರೆ ಆ 23ನೇ ಕಲಂ ಏನು ಮಾಡುತ್ತದೆಂದು ಜಗತ್ತಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಈಗ ಮಗಳ ಮನೆಗೆಂದು ಕೆನಡಾದ ಸರ್ರೆಗೆ ಬಂದರೆ, ವೀಸಾ ತಿರಸ್ಕೃತವಾದ ಹುಡುಗರು ‘ಕಾಕಾ, ವಕೀಲರನ್ನ ಹಿಡೀಬೇಕೇನ್ರಿ, ಮತ್ತ ಅರ್ಜಿ ಹಾಕಿದ್ರ ಸಾಕೇನ್ರಿ?’ ಎಂದು ಕೇಳುತ್ತಾರೆ. ದಾಖಲೆ ಕಡಿಮೆ ಬಿದ್ದು ಹೋದದ್ದಾದರೆ ಸರಿಪಡಿಸಿ ಮತ್ತೆ ಹಾಕು, ವಕೀಲನಿಗೆ ದುಡ್ಡು ಸುರಿಯಬೇಡ ಎನ್ನುತ್ತೇನೆ. ಅಧಿಕಾರಿ ದಾಖಲೆ ನೋಡಿಯೇ ಇಲ್ಲವೆನಿಸಿದರೆ ವಕೀಲ ಬೇಕು. 1914ರಲ್ಲಿ ಮುಚ್ಚಿದ್ದ ಬಾಗಿಲು ಈಗ ಫೆಡರಲ್ ಕೋರ್ಟಿನಲ್ಲಿ, ಆ ಕೋರ್ಟಿನ ಅನುಮತಿ ಪಡೆದು, ತೆರೆಯುತ್ತದೆ. ತಿರಸ್ಕಾರದ ಪತ್ರ ಕೈಗೆ ಬಂದ ತಾರೀಖನ್ನು ಮೊದಲು ಬರೆದಿಟ್ಟುಕೊಳ್ಳಿ. ಆ ಕೋರ್ಟಿಗೆ ಅರ್ಜಿ ಹಾಕಲು, ನಿರ್ಧಾರ ಕೆನಡಾದ ಹೊರಗೆ ಆದದ್ದಾದರೆ 60 ದಿನ, ಒಳಗೆ ಆದದ್ದಾದರೆ 15 ದಿನ ಮಾತ್ರ ಸಿಗುತ್ತದೆ.