ಕೃಷ್ಣ ಪಾರಿಜಾತ: ನೋಡಲೇಬೇಕಾದ ಪ್ರಸಂಗಗಳು

ಕೃಷ್ಣ ಪಾರಿಜಾತ ಉತ್ತರ ಕರ್ನಾಟಕದ ಹಾಡುಪ್ರಧಾನ ಬಯಲಾಟ. ಜನರ ಬಾಯಲ್ಲಿ ಬರೀ ‘ಪಾರಿಜಾತ’. ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು 19ನೆಯ ಶತಮಾನದಲ್ಲಿ ಆಟಕ್ಕೆ ಹೊಂದಿಸಿ ಊರೂರಿಗೆ ಹಬ್ಬಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಯದು.

ಕೃಷ್ಣನ ಸಾಹಸಗಳಿಗೆ ಲೆಕ್ಕವಿಲ್ಲ. ಪೂತನಿ, ಕಾಳಿಂಗ, ಗೋವರ್ಧನ, ಕಂಸ ಎಲ್ಲವೂ ಮಕ್ಕಳಿಗೆ ಬಾಯಿಪಾಠ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅಮರ ಚಿತ್ರಕಥೆಗೆ ಪುರಾಣದ ದಾರಿ ತೆರೆದದ್ದೂ ಕೃಷ್ಣನಿಂದಲೇ. ಕುಲಗೋಡದ ಆಟ ಮಾತ್ರ ಗುಡ್ಡ ಎತ್ತಿದವನನ್ನು ಬಿಟ್ಟು, ಹೆಂಡತಿಯ ಬಾಗಿಲಲ್ಲಿ ಬೇಡಿಕೊಳ್ಳುತ್ತ ನಿಂತವನನ್ನು ಆರಿಸಿಕೊಂಡಿತು. ಈ ಆಯ್ಕೆಯಲ್ಲೇ ಅದರ ಜಾಣತನವಿದೆ.

ಪುರಾಣಗಳಲ್ಲಿ ಪಾರಿಜಾತದ ಹೂವಿನ ಈ ಕಥೆಗೆ ಎರಡು ದಾರಿ. ವಿಷ್ಣುಪುರಾಣದಲ್ಲಿ ನರಕಾಸುರನನ್ನು ಕೊಂದ ಮೇಲೆ ಕೃಷ್ಣ ಸತ್ಯಭಾಮೆಯೊಡನೆ ಸ್ವರ್ಗಕ್ಕೆ ಹೋಗುತ್ತಾನೆ. ಅಲ್ಲಿ ಅವಳು ಪಾರಿಜಾತದ ಮರ ಬೇಡುತ್ತಾಳೆ, ಇಂದ್ರನೊಡನೆ ಯುದ್ಧವಾಗುತ್ತದೆ. ಹರಿವಂಶದಲ್ಲಿ ನಾರದ ಒಂದೇ ಒಂದು ಹೂ ತಂದುಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಭಾಮೆಗೆ ಮುಟ್ಟುತ್ತದೆ. ಪಾರಿಜಾತದ ಆಟ ನಡೆಯುವುದು ಈ ಎರಡನೆಯ ದಾರಿಯಲ್ಲಿ. ಆಂಧ್ರದ ಕೂಚಿಪುಡಿಯ ಭಾಮಾಕಲಾಪವೂ ಇದೇ ಭಾಮೆಯನ್ನು ನಡುವೆ ಕೂರಿಸಿದೆ. ಅಲ್ಲಿ ಅವಳು ತೆರೆಯ ಮೇಲಿಂದ ಜಡೆ ಇಳಿಬಿಟ್ಟೇ ತನ್ನ ಬಿಂಕ ತೋರಿಸುತ್ತಾಳೆ.

ಬಿಡದೆ ನೋಡಬೇಕಾದದ್ದು ಭಾಮೆಯ ಮುನಿಸು. ಹೂವಿನ ಸುದ್ದಿ ಕೇಳಿದವಳು ಮೊದಲು ನಂಬುವುದಿಲ್ಲ, ಆಮೇಲೆ ಸಿಡುಕುತ್ತಾಳೆ, ಕಡೆಗೆ ಮಾತೇ ಬಿಡುತ್ತಾಳೆ. ಹಾರ್ಮೋನಿಯಂ, ತಬಲಾ, ತಾಳದ ನಡುವೆ ಹಿಂದೂಸ್ತಾನಿ ರಾಗದಲ್ಲಿ ಈ ಸಿಟ್ಟು ಹತ್ತಿ ಇಳಿಯುತ್ತದೆ. ಹಾಡು ನಿಂತ ಗಳಿಗೆಗೆ ಆಟ ನಡೆಸುವ ಭಾಗವತ ನಡುವೆ ಬಾಯಿ ಹಾಕಿ, “ಯಾಕವಾ ತಾಯಿ, ಮಾರಿ ಯಾಕ ಬಾಡೇತಿ?” ಎಂಬ ಧಾಟಿಯಲ್ಲಿ ಕೆಣಕಿದರೆ ದ್ವಾರಕೆಯ ರಾಣಿ ಒಮ್ಮೆಲೇ ನಮ್ಮ ಓಣಿಯ ಸೊಸೆಯಾಗಿಬಿಡುತ್ತಾಳೆ. ಭಾಗವತ ಚುರುಕಿಲ್ಲದಿದ್ದರೆ ಎಂಥ ಭಾಮೆ ಬಂದರೂ ಆಟ ಏಳುವುದಿಲ್ಲ.

ಕಣಿ ಹೇಳುವ ಕೊರವಂಜಿಯ ಪ್ರಸಂಗಕ್ಕೆ ಎರಡನೆಯ ಸ್ಥಾನ. ಗೊಲ್ಲತಿಯದು ನಗೆಯ ಭಾಗ: ಹಾಲು-ಮೊಸರು ಮಾರಹೊರಟವಳನ್ನು ತಡೆದು ಮಾತಿಗೆಳೆಯುವುದು, ಅವಳು ತಿರುಗಿ ಬಾರಿಸುವುದು. ಸ್ವಲ್ಪ ಎಳೆದರೂ ಸಾಕಾಗುತ್ತದೆ. ಇಂದ್ರನೊಡನೆ ಯುದ್ಧದ ಆಸೆಯಿಂದ ಬಂದವರು ಪುರಾಣ ಓದಿಕೊಳ್ಳುವುದೇ ಲೇಸು.

ಹೆಣ್ಣುಮಕ್ಕಳೇ ಬಣ್ಣ ಹಚ್ಚಿದ್ದರಿಂದ ಈ ಆಟದ ಕಳೆ ಹೆಚ್ಚಿತು. ಅವರಲ್ಲಿ ದೊಡ್ಡ ಹೆಸರು ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನದು. ಬಯಲಾಟದ ಕಳೆ ಅಂಗಳ ದಾಟಿಯೂ ಹೋಯಿತು: ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ ಇಂಥ ಬಯಲಾಟಗಳ ನಡುವೆ ಬೆಳೆದ ಚಂದ್ರಶೇಖರ ಕಂಬಾರರು ಮುಂದೆ ‘ಜೋಕುಮಾರಸ್ವಾಮಿ’ಯಂಥ ನಾಟಕಗಳಲ್ಲಿ ಬಯಲಾಟದ ಜೀವವನ್ನೇ ಹೊಸ ರಂಗಭೂಮಿಗೆ ತಂದರು.

ಹೊಸಬರಿಗೊಂದು ಮಾತು. ಗಣಪತಿಯ ಸ್ತುತಿ, ಗೊಲ್ಲತಿಯ ನಗೆ ಮುಗಿಯುವ ಹೊತ್ತಿಗೆ ಕೆಲವರು ಚಾಪೆ ಸುತ್ತಿಕೊಂಡು ಏಳುತ್ತಾರೆ. ಭಾಮೆ ಬರುವುದು ಅದರ ಮೇಲೆ.