ಲ್ಯಾಟಿನ್ ಪೂರ್ವಜ ಭಾಷೆಯ ಕ್ರಿಯಾಪದಗಳ ಪುನಾರಚನೆ

ಲ್ಯಾಟಿನ್, ಗ್ರೀಕ್, ಸಂಸ್ಕೃತ ಮೊದಲಾದ ಭಾಷೆಗಳ ಮೂಲವನ್ನು ಮೂಲ ಇಂಡೋ-ಯುರೋಪಿಯನ್ ಎನ್ನುತ್ತಾರೆ. ಅದರಲ್ಲಿ ಬರೆದದ್ದು ಒಂದಕ್ಷರವೂ ಉಳಿದಿಲ್ಲ. ಮಗಳು ಭಾಷೆಗಳ ರೂಪಗಳನ್ನು ಹೋಲಿಸಿ ಅದರ ಕ್ರಿಯಾಪದಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಎರಡು ಶತಮಾನಗಳ ಇತಿಹಾಸವಿದೆ.

1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ವಿಲಿಯಂ ಜೋನ್ಸ್ ಈ ಭಾಷೆಗಳ ನಂಟನ್ನು ಸೂಚಿಸುವಾಗ ಕ್ರಿಯಾಧಾತುಗಳ ಹೋಲಿಕೆಯನ್ನೂ ಎತ್ತಿದ್ದ. ಅದನ್ನು ಶಾಸ್ತ್ರವಾಗಿಸಿದವನು ಫ್ರಾಂಟ್ಸ್ ಬಾಪ್. 1816ರಲ್ಲಿ ಹೊರಬಂದ ಅವನ ಗ್ರಂಥದ ವಿಷಯವೇ ಸಂಸ್ಕೃತದ ಆಖ್ಯಾತರೂಪಗಳು. ಆಯ್ಕೆ ಸರಿಯಾಗಿಯೇ ಇತ್ತು. ಪದಗಳನ್ನು ಎರವಲು ತರಬಹುದು, ಆಖ್ಯಾತ ಪ್ರತ್ಯಯಗಳ ಇಡೀ ಸಾಲನ್ನು ತರುವುದು ತೀರ ಅಪರೂಪ. ಸಂಸ್ಕೃತದ ‘ಅಸ್ತಿ–ಸಂತಿ’, ಲ್ಯಾಟಿನ್ನಿನ ‘ಎಸ್ಟ್–ಸುಂಟ್’, ಜರ್ಮನ್ನಿನ ‘ಇಸ್ಟ್–ಜಿಂಟ್’ ಮೂರರಲ್ಲೂ ಏಕವಚನದ ಮೊದಲ ಸ್ವರ ಬಹುವಚನದಲ್ಲಿ ಬಿದ್ದುಹೋಗಿದೆ. ಇಂಥ ಅನಿಯಮಿತ ರೂಪ ಮೂರು ಕಡೆ ಕಾಕತಾಳೀಯವಾಗಿ ಹುಟ್ಟಲಾರದು.

1868ರಲ್ಲಿ ಆಗಸ್ಟ್ ಶ್ಲೈಖರ್ ಮೂಲಭಾಷೆಯಲ್ಲೇ ಕುರಿ ಮತ್ತು ಕುದುರೆಗಳ ಕಥೆಯೊಂದನ್ನು ಬರೆದ. ಸಂಸ್ಕೃತದ ‘ಅ’ಕಾರವೇ ಮೂಲದ್ದೆಂದು ನಂಬಿದ್ದರಿಂದ ಅವನ ಕ್ರಿಯಾರೂಪಗಳು ಸಂಸ್ಕೃತದ ನೆರಳಿನಂತಿವೆ. ಮುಂದಿನ ದಶಕದಲ್ಲಿ ಆ ನಂಬಿಕೆ ಮುರಿಯಿತು. ‘ಮಾಡಿದನು’ ಎಂಬರ್ಥದ ಸಂಸ್ಕೃತದ ‘ಚಕಾರ’ ಎಂಬ ರೂಪವನ್ನೇ ನೋಡಬಹುದು: ‘ಕೃ’ ಧಾತುವಿನ ದ್ವಿತ್ವದಲ್ಲಿ ‘ಕ’ ಇರಬೇಕಾದಲ್ಲಿ ‘ಚ’ ಬಂದದ್ದು ಅಲ್ಲಿ ಹಿಂದೆ ‘ಎ’ ಸ್ವರವಿದ್ದುದರಿಂದ. ಆ ‘ಎ’ಯನ್ನು ಉಳಿಸಿಕೊಂಡವು ಗ್ರೀಕ್ ಮತ್ತು ಲ್ಯಾಟಿನ್. ಸ್ವಲ್ಪ ಕಾಲದಲ್ಲೇ, 21ರ ಹರೆಯದ ಫೆರ್ಡಿನಾಂಡ್ ಡ ಸೊಸ್ಯೂರ್ ಮೂಲಭಾಷೆಯಲ್ಲಿ ಅಳಿದುಹೋದ ಕೆಲವು ಧ್ವನಿಗಳಿದ್ದವೆಂದು ತರ್ಕದಿಂದಲೇ ತೋರಿಸಿದ. 1915ರಲ್ಲಿ ಬೆಡ್ರಿಖ್ ಹ್ರೋಜ್ನಿ ಇದೇ ಕುಟುಂಬದ ಹಿಟ್ಟೈಟ್ ಭಾಷೆಯನ್ನು ಓದಿದ. ಅದರಲ್ಲಿ ಆ ಧ್ವನಿಗಳ ಕುರುಹು ಉಳಿದಿರುವುದನ್ನು 1927ರಲ್ಲಿ ಯೆರ್ಜಿ ಕುರಿವೋವಿಚ್ ಗುರುತಿಸಿದ. ಭಾಷಾಶಾಸ್ತ್ರದಲ್ಲಿ ಇಷ್ಟು ಸುಂದರವಾಗಿ ನಿಜವಾದ ಊಹೆ ಇನ್ನೊಂದಿಲ್ಲ.

ಲ್ಯಾಟಿನ್ ತನ್ನ ಪಿತ್ರಾರ್ಜಿತವನ್ನು ಬಹಳಷ್ಟು ಬೆರೆಸಿಬಿಟ್ಟಿದೆ. ಮೂಲಭಾಷೆಯಲ್ಲಿ ಬೇರೆಬೇರೆಯಾಗಿದ್ದ, ಸಂಸ್ಕೃತ ವ್ಯಾಕರಣದ ಹೆಸರಿನಲ್ಲಿ ಹೇಳುವುದಾದರೆ ಲುಙ್ (ಅಯೊರಿಸ್ಟ್) ಮತ್ತು ಲಿಟ್ (ಪರ್ಫೆಕ್ಟ್) ರೂಪಗಳು ಅದರಲ್ಲಿ ಒಂದೇ ಭೂತಕಾಲವಾದವು. ‘ಹೇಳಿದೆ’ ಎಂಬರ್ಥದ ‘ದೀಕ್ಸೀ’ಯಲ್ಲಿ ಲುಙ್‌ನ ಸಕಾರವಿದೆ, ‘ಬಡಿದೆ’ ಎಂಬರ್ಥದ ‘ತುತುದೀ’ ಸಂಸ್ಕೃತದ ‘ತುತೋದ’ದ ಜೊತೆಗಾರ. ಕ್ರಿ.ಪೂ. 7ನೆಯ ಶತಮಾನದ ಪ್ರೆನೆಸ್ಟೆ ಊರಿನ ಬಂಗಾರದ ಪಿನ್ನಿನ ಮೇಲೆ ‘ಮಾಡಿದನು’ ಎಂಬುದಕ್ಕೆ ‘ಫೆಫಾಕೆಡ್’ ಎಂದಿದೆ. ನಂತರದ ಲ್ಯಾಟಿನ್ನಿನ ‘ಫೇಕಿಟ್’ನಲ್ಲಿ ಈ ದ್ವಿತ್ವ ಇಲ್ಲ. ಅಂದರೆ ಒಂದೇ ಧಾತುವಿಗೆ ಎರಡು ಹಳೆಯ ರೂಪಗಳು ಪೈಪೋಟಿಗೆ ಬಿದ್ದಿದ್ದವು. 1980ರಲ್ಲಿ ನಕಲಿ ಎಂಬ ಆರೋಪ ಹೊತ್ತಿದ್ದ ಈ ಪಿನ್ನು ಅಸಲಿಯೆಂದು 2011ರ ಪರೀಕ್ಷೆಗಳು ತೋರಿಸಿದವು. ‘ಅಮಾವೀ’ಯಂಥ ವಕಾರದ ರೂಪಗಳಾದರೋ ನೆರೆಯ ಆಸ್ಕನ್, ಉಂಬ್ರಿಯನ್ ಭಾಷೆಗಳಲ್ಲಿ ಕಾಣದ ಕಾರಣ ಲ್ಯಾಟಿನ್ ಕವಲೊಡೆದ ಮೇಲಿನ ಸೃಷ್ಟಿ ಎನ್ನಬೇಕು.

ಹಿಟ್ಟೈಟ್ ಒಂದು ತೊಡಕನ್ನೂ ತಂದಿತು, ಅದು ಹಾಗೇ ಇದೆ. ಅದರಲ್ಲಿ ಲುಙ್–ಲಿಟ್ ಭೇದವಿಲ್ಲ, ಬದಲಿಗೆ ‘ಮಿ’ ಮತ್ತು ‘ಹಿ’ ಎಂಬ ಎರಡು ಕ್ರಿಯಾವರ್ಗಗಳಿವೆ. ಹೆಲ್ಮೂಟ್ ರಿಕ್ಸ್ ಸಂಪಾದಿಸಿದ 1998ರ ಧಾತುಕೋಶ ಲುಙ್–ಲಿಟ್ ಭೇದದ ಹಳೆಯ ಚೌಕಟ್ಟನ್ನೇ ಅನುಸರಿಸಿದರೆ, 2003ರಲ್ಲಿ ಜೇ ಜಸನಾಫ್ ‘ಹಿ’ ವರ್ಗದ ಸುತ್ತ ಬೇರೊಂದು ವ್ಯವಸ್ಥೆಯನ್ನು ಮುಂದಿಟ್ಟ. ಎಲ್ಲರೂ ಒಪ್ಪುವ ವಿವರಣೆ ಇನ್ನೂ ಸಿಕ್ಕಿಲ್ಲ.